ಒದೆಯುವ ಮುನ್ನ ಕಿವಿಗೊಡುವ ನ್ಯಾಮ್ಸುರೆನ್

ಗೋಬಿ ಮರುಭೂಮಿಯ ಅಂಚಿನ ನಮ್ಮೂರಲ್ಲಿ ಇನ್ನೂ ಬೆಳಕು ಹರಿದಿಲ್ಲ. ನ್ಯಾಮ್ಸುರೆನ್ ಅಕ್ಕನ ತಗಡಿನ ಶೆಡ್ಡಿನ ಮುಂದೆ ಆಗಲೇ ಜಗಳ ಶುರುವಾಗಿದೆ. ಅದು ಕುದುರೆ ಸಾಕುವ ಪುರೆವ್‌ಗೂ ಅವನ ಡರ್ಟ್ ಬೈಕಿಗೂ ನಡೆದಿರುವ ಜಗಳ. ರಾತ್ರಿಯ ಹಿಮಗಾಳಿಗೆ ಬೆನ್ನು ಕೊಟ್ಟು ಅವನ ಕುದುರೆಗಳೆಲ್ಲ ದಕ್ಷಿಣಕ್ಕೆ ನಡೆದುಬಿಟ್ಟಿವೆ. ಮತ್ತೆ ಗಾಳಿ ಏಳುವಷ್ಟರಲ್ಲಿ ತಿರುಗಿಸದಿದ್ದರೆ ಮಂದೆಯ ಆಸೆ ಬಿಡಬೇಕು. ಸವಾರಿಯ ಕುದುರೆಯೂ ಅವುಗಳ ಜೊತೆಗೇ ಹೋಗಿದೆ. ಎಂಜಿನ್ನಿಗೆ ಕಂಬಳಿ ಸುತ್ತಿ, ಬೈಕನ್ನು ನೆರೆಯವನ ಒಂಟೆಗೆ ಕಟ್ಟಿ ಎಳೆಸಿಕೊಂಡು ಬಂದಿದ್ದಾನೆ.

"ಒದ್ದೂ ಒದ್ದೂ ಕಾಲು ಬಿದ್ಹೋಯ್ತು ಅಕ್ಕಾ!"

"ನಿನ್ನ ಕಾಲಿನ ಕಥೆ ಆಮೇಲೆ. ಎಂಜಿನ್ ಕೆಳಗೆ ಬಿಸಿ ಬೂದಿ ಇಟ್ಟಿದ್ಯಾ?"

"ತಟ್ಟೆ ತುಂಬಾ ಇಟ್ಟಿದ್ದೆ."

"ಆಮೇಲೆ ಚೋಕೂ ಎಳೆದೆ?"

ಪುರೆವ್ ಟೋಪಿ ಸರಿಮಾಡಿಕೊಳ್ಳುತ್ತಾನೆ.

"ಚೋಕ್ ತಣ್ಣಗಿರೋ ಎಂಜಿನ್ನಿಗೆ ಕಣೋ. ಮೈ ಬೆಚ್ಚಗೆ ಮಾಡಿ, ಮತ್ತೆ ಚಳಿ ಹಿಡಿದವನ ಉಪಚಾರ! ಹೊಟ್ಟೆ ಬಿರಿಯೋ ಹಾಗೆ ಪೆಟ್ರೋಲ್ ಕುಡಿಸಿದೀಯಲ್ಲೋ."

ಅಕ್ಕ ಯೌವನದಲ್ಲಿ ಜಾನುವಾರುಗಳ ಲಸಿಕೆ ಪೆಟ್ಟಿಗೆ ಹೊತ್ತು ಬಿಡಾರದಿಂದ ಬಿಡಾರಕ್ಕೆ ಬೈಕು ಓಡಿಸಿದವರು. ಒಂದು ಚಳಿಗಾಲ ಕಿಕ್ಕರ್ ತಿರುಗಿ ಬಡಿದು ಬಲ ಮೊಣಕಾಲು ಹೋಯಿತು. ಅಂದಿನಿಂದ ಒದೆಯುವ ಕಾಲು ಬೇರೆಯವರದು, ಕಿವಿ ಅಕ್ಕನದು. ಚಳಿಗಾಲದಲ್ಲಿ ದಿನಾ ಬೆಳಗ್ಗೆ ಮೂರೋ ನಾಲ್ಕೋ ಬೈಕು ಬರುತ್ತವೆ. ನಾನು ಈ ಊರಿಗೆ ಹೊಸದಾಗಿ ಬಂದಾಗ ನನ್ನ ಬೈಕನ್ನೂ ಎಬ್ಬಿಸಿಕೊಟ್ಟವರು ಇವರೇ. ಆ ಉಪಕಾರ ನಾನು ಮರೆಯುವಂಥದ್ದಲ್ಲ.

ಅಕ್ಕ ಪೆಟ್ರೋಲ್ ಬರುವ ನಲ್ಲಿಯನ್ನು ಮುಚ್ಚಿಸಿ, ಬೈಕನ್ನು ಪಕ್ಕಕ್ಕೆ ಮಲಗಿಸುತ್ತಾರೆ. ಹೆಚ್ಚಾದ ಪೆಟ್ರೋಲ್ ಹಿಮದ ಮೇಲೆ ತೊಟ್ಟಿಕ್ಕುತ್ತದೆ. ಮತ್ತೆ ಎತ್ತಿ ನಿಲ್ಲಿಸಿ, ಎಳೆದಿದ್ದ ಚೋಕನ್ನು ಒಳಕ್ಕೆ ಒತ್ತಿ, ಆಕ್ಸಿಲರೇಟರ್ ಪೂರಾ ತಿರುಗಿಸಿ ನಾಲ್ಕಾರು ಸಲ ಒದೆಸುತ್ತಾರೆ.

"ಉಸಿರು ಬಂತು. ಈಗ ನಲ್ಲಿ ಬಿಡು, ಆಕ್ಸಿಲರೇಟರ್ ಮುಟ್ಬೇಡ. ಕಿಕ್ಕರ್ ಮೆಲ್ಲಗೆ ಒತ್ತು. ಎದುರು ಒತ್ತುತ್ತಾ? ಅದನ್ನ ಒಂಚೂರು ದಾಟಿಸಿ, ಮೇಲಕ್ಕೆ ಬಿಡು. ಈಗ ಒಂದೇ ಸಲ, ಕೆಳಗಿನವರೆಗೂ ಒದಿ. ಸಿಟ್ಟು ಬೇಡ, ತೂಕ ಹಾಕು."

ಬೈಕು ಕೆಮ್ಮಿ, ಗುಡುಗುತ್ತದೆ. ಪುರೆವ್ ಹಿಂತಿರುಗಿಯೂ ನೋಡದೆ ಹೊರಡುತ್ತಾನೆ. ಸದ್ದು ಗುಡ್ಡ ದಾಟುವವರೆಗೂ ಅಕ್ಕ ಚಳಿಯಲ್ಲೇ ನಿಂತಿರುತ್ತಾರೆ. "ನಿಂತ್ಹೋದ್ರೆ ಪಾಪ, ನಡೀಬೇಕಲ್ಲ," ಎನ್ನುತ್ತಾರೆ.

ಸಂಜೆ ಗಾಳಿ ಏಳುವ ಹೊತ್ತಿಗೆ ಊರಾಚೆ ಮಂದೆ ಕಾಣಿಸುತ್ತದೆ. ಪುರೆವ್ ಒಣಮೊಸರಿನ ಚೀಲ ಹಿಡಿದು ನೇರ ಶೆಡ್ಡಿಗೆ ಬರುತ್ತಾನೆ. ಬೇಕೆಂದೇ ಎಂಜಿನ್ ಆರಿಸುತ್ತಾನೆ. ಕಿಕ್ಕರ್ ಮೆಲ್ಲಗೆ ಒತ್ತಿ, ಕಾದು, ಒಂದೇ ಸಲ ಒದೆಯುತ್ತಾನೆ. ಬೈಕು ಎದ್ದೇಬಿಡುತ್ತದೆ.

ಅಕ್ಕನ ಮುಖ ಅರಳುತ್ತದೆ. "ಇನ್ನು ಇದಕ್ಕೆ ನನ್ನ ಹತ್ರ ಬರಬೇಡ. ಚಹಾ ಕುಡಿಯೋಕೆ ಬಾ."