ಚೌಡಯ್ಯನ ಕೆಂಪು ಸೀಮೆಸುಣ್ಣ

ಭದ್ರಾವತಿಯ ಚೌಡಯ್ಯನ ಜೇಬಿನ ಕೆಂಪು ಸೀಮೆಸುಣ್ಣಕ್ಕೆ ದೇವತೆಗಳೂ ಹೆದರುತ್ತಿದ್ದರೆಂದು ಪ್ರತೀತಿ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎರಕದ ಸಾಮಾನು ಪರೀಕ್ಷಿಸಿ, ಬಿರುಕು ಕಂಡಲ್ಲೆಲ್ಲ ಅಡ್ಡಗೀಟು ಎಳೆದ ಕೈ ಅದು. ನಿವೃತ್ತಿಯಾದ ಮೇಲೂ ಅಂಗಡಿಯ ಕುಂಬಳಕಾಯಿಗೆ ಗೀಟೆಳೆದು ಬೈಸಿಕೊಂಡಿತ್ತು.

ಹೆಂಡತಿ ಹಾಲಮ್ಮನ ಮರೆವಿನ ಕಾಯಿಲೆ ಕೈಮೀರಿದಾಗ, ಅವಳನ್ನು ಬಿಡಲು ತಕ್ಕ ಜಾಗ ಹುಡುಕುತ್ತಾ ಈ ಮಹಾವೀರ ಶಿವಮೊಗ್ಗದ ಆರೈಕೆ ಮನೆಗಳ ಮೇಲೆ ದಂಡೆತ್ತಿ ಹೋದ. ಮೊದಲ ಮೂರು ಅವನ ಗೀಟಿಗೆ ಉರುಳಿದವು. ಒಂದರ ಬಚ್ಚಲು ಜಾರುತ್ತಿತ್ತು. ಉಳಿದೆರಡರಲ್ಲಿ ಮುದುಕರ ಉಗುರು ಕೊಕ್ಕೆಯಂತೆ ಬೆಳೆದಿತ್ತು. ಪ್ರತಿ ಸಲವೂ ಅವನಿಗೆ ಒಳಗೊಳಗೇ ಸಮಾಧಾನ. ಹೆಂಡತಿಯನ್ನು ಬಿಟ್ಟು ಬರುವ ಪಾಪ ಇನ್ನೊಂದು ವಾರ ಮುಂದಕ್ಕೆ ಹೋಯಿತಲ್ಲ!

ನಾಲ್ಕನೆಯದಾದ ಗಾಜನೂರು ರಸ್ತೆಯ ಆರೈಕೆ ಮನೆಯಲ್ಲಿ ಹಾಸಿಗೆ ಮೂಸಿದ, ಸಾರು ಸುರಿದು ಕುಡಿದ, ಕೋಣೆಕೋಣೆಯ ಬಾಗಿಲು ತಡವಿದ. ಕೊನೆಯ ಬಾಗಿಲ ಮುಂದೆ ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟ.

“ಏನ್ ಮಾರಾಯ್ರೆ, ನಮ್ ಬಾಗ್ಲಲ್ಲೂ ಬಿರುಕು ಸಿಕ್ತಾ?” ಎಂದು ಆ ಮನೆ ನಡೆಸುವ ಉಮಾಮಹೇಶ್ವರಿ ನಕ್ಕಳು.

“ಇಲ್ಲ ಕಣಮ್ಮ. ಇಲ್ಲಿ ಯಾವ ಬಾಗ್ಲಿಗೂ ಹೊರಗಡೆ ಚಿಲಕ ಇಲ್ಲ. ನಾನು ದಿನಾ ಹಾಲು ತರಕ್ಕೆ ಹೋಗುವಾಗ ನಮ್ಮನೆಯವಳನ್ನ ಕೂಡಿಹಾಕಿ ಹೋಗ್ತೀನಿ.”