ತಣ್ಣೀರಿನಲ್ಲಿಟ್ಟ ಗಂಜಿ ಬಟ್ಟಲು

ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಕನ್ನಡದವರ ಕೂಟದಲ್ಲಿ ಯಾರಾದರೂ ಬುದ್ಧಿಗೆ ನಿಲುಕದ ಇಂಥ ಕಥೆ ಶುರು ಮಾಡಿದರೆ ನಾನು ಚಹಾ ಹಿಡಿದು ಇನ್ನೊಂದು ಮೇಜಿಗೆ ಎದ್ದು ಹೋಗುತ್ತಿದ್ದೆ. ಕಾರಿನ ಬ್ರೇಕು ಪರೀಕ್ಷಿಸಿ ಹೊಟ್ಟೆ ಹೊರೆಯುವವನು ನಾನು. ಇವೆಲ್ಲ ಹೊತ್ತು ಹೋಗದವರ ಮಾತು ಎಂದೇ ತಿಳಿದಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ಪ್ರಮೀಳಾಳ ತಾಯಿ ಮಂಗಳೂರಿನಲ್ಲಿ ತೀರಿಕೊಂಡರು. ಇವಳು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮರಳಿ ಬಂದವಳಿಗೆ ಅನ್ನ ಸೇರದಾಯಿತು. ಎರಡು ತುತ್ತು ತಿಂದರೆ ಹೆಚ್ಚು. ಇಲ್ಲಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ತೊಂದರೆ ಇಲ್ಲ ಎಂದರು. ಕೈಯ ಬಳೆ ಮೊಣಕೈವರೆಗೆ ಜಾರತೊಡಗಿತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆ ವರ್ಷ ಕಂಪನಿ ನನ್ನನ್ನು ಜಪಾನಿಗೆ ಕಳಿಸಿತು. ಗಾಳಿ ಬದಲಾದರೆ ಹಸಿವೆ ಬಂದೀತೆಂದು ಅವಳನ್ನೂ ಕರೆದುಕೊಂಡು ಹೋದೆ. ಕೆಲಸ ಮುಗಿದ ಮೇಲೆ ಬೆಟ್ಟಗಳ ನಡುವಿನ ಒಂದು ಹಳೆಯ ಊರಿಗೆ ಹೋದೆವು. ನೂರಾರು ವರ್ಷದ ಮರದ ಮನೆಗಳು, ಬೀದಿಯ ಬದಿಗೇ ಹರಿಯುವ ತೋಡು, ಸೂರಿನಡಿ ದಾರಕ್ಕೆ ಕಟ್ಟಿ ಒಣಗಲು ಬಿಟ್ಟ ಹಣ್ಣುಗಳು. ಪ್ರಮೀಳಾ ಖುಷಿಯಾಗಿ ಸುತ್ತಾಡಿದಳು, ಫೋಟೋ ತೆಗೆದಳು, ಅಲ್ಲಿಯ ಮರದ ಚಪ್ಪಲಿಯಲ್ಲಿ ನಾನು ನಡೆಯುವ ಚಂದ ನೋಡಿ ಹೊಟ್ಟೆ ಹಿಡಿದು ನಕ್ಕಳು. ಸಂಜೆಯ ಊಟ ಮಾತ್ರ ಹಾಗೇ ಉಳಿಯಿತು. ನಾವಿಳಿದಿದ್ದ ವಸತಿಮನೆಯ ಯಜಮಾನಿ ಎಪ್ಪತ್ತು ದಾಟಿದ ಅಜ್ಜಿ. ತುಂಬಿದ ಬಟ್ಟಲುಗಳನ್ನು ಒಮ್ಮೆ ನೋಡಿ ಎತ್ತಿಕೊಂಡು ಹೋದರು.

ಮರುದಿನ ಬೆಳಗ್ಗೆ ಅವರು ಪ್ರಮೀಳಾಳಿಗೆ ಗಂಜಿ ತಂದರು. ಇದರಲ್ಲಿ ವಿಚಿತ್ರವೇನಿಲ್ಲ, ಮೈಗೆ ಹುಷಾರಿಲ್ಲದವರಿಗೆ ಗಂಜಿ ಕೊಡುವುದು ಅಲ್ಲಿಯೂ ವಾಡಿಕೆ. ಆದರೆ ಆ ಬಟ್ಟಲನ್ನು ತಣ್ಣೀರು ಹಾಕಿದ ಅಗಲ ತಟ್ಟೆಯೊಳಗೆ ಇಟ್ಟಿದ್ದರು. ಎದುರು ಮಂಡಿಯೂರಿ ಕೂತು, ಬೆರಳ ತುದಿಯಿಂದ ಬಟ್ಟಲನ್ನು ನೀರಿನಲ್ಲಿ ಮೆಲ್ಲಗೆ ಎರಡು ಸುತ್ತು ತಿರುಗಿಸಿದರು. ಪ್ರಮೀಳಾಳ ಮುಖ ಬಿಳಿಚಿಕೊಂಡಿತು.

"ನೀವು ಹೇಳಿದ್ದಾ ಅವರಿಗೆ?"

"ಎಂತ ಹೇಳುವುದು ಮಾರಾಯ್ತಿ?" ಎಂದೆ.

"ಅಮ್ಮ ಹೀಗೇ ಕೊಡ್ತಾ ಇದ್ದದ್ದು. ನನಗೆ ಬಿಸಿ ಆಗುದಿಲ್ಲ ಅಂತ. ತಟ್ಟೆಗೆ ನೀರು ಹಾಕಿ, ಹೀಗೇ ತಿರುಗಿಸಿ."

ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ನನಗದು ಗೊತ್ತೇ ಇರಲಿಲ್ಲ. ಫೋನಿನ ಅನುವಾದದ ಆ್ಯಪ್ ಹಿಡಿದು, ಇದು ನಿಮ್ಮೂರಿನ ಪದ್ಧತಿಯೇ ಎಂದು ಅಜ್ಜಿಯನ್ನು ಕೇಳಿದೆ. ಅಲ್ಲವಂತೆ. ಗಂಜಿಯನ್ನು ಬಿಸಿಬಿಸಿಯಾಗಿಯೇ ಕೊಡುವುದಂತೆ. ಯಾರಿಗೂ ಹೀಗೆ ಕೊಟ್ಟವರಲ್ಲವಂತೆ. ಇವತ್ತು ಹೀಗೆ ಇಡಬೇಕು ಅನ್ನಿಸಿತಂತೆ. ತಪ್ಪಾಯಿತೇನೋ ಎಂದು ಅವರು ತಟ್ಟೆ ಎತ್ತಲು ಕೈ ಚಾಚಿದರು. ಪ್ರಮೀಳಾ ಎರಡೂ ಕೈಯಿಂದ ತಟ್ಟೆಯನ್ನು ಹಿಡಿದುಕೊಂಡಳು.

ಅಳುತ್ತಲೇ ಉಂಡಳು. ಬಟ್ಟಲು ಬರಿದಾದ ಮೇಲೆ ಅಜ್ಜಿಯ ಮುಂದೆ ಹಿಡಿದು, ಕನ್ನಡದಲ್ಲೇ, "ಇನ್ನೂ ಸ್ವಲ್ಪ ಹಾಕಿ ಅಮ್ಮ" ಎಂದಳು. ಅಜ್ಜಿಗೆ ಫೋನು ಬೇಕಾಗಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಆಮೇಲೆ ಜಪಾನಿನ ಸಹೋದ್ಯೋಗಿಗಳನ್ನೂ ವಿಚಾರಿಸಿದೆ. ಯಾರೂ ಹಾಗೆ ಮಾಡಿದ್ದನ್ನು ಕಂಡವರಿಲ್ಲ. ಕಾಕತಾಳೀಯ ಎನ್ನಬಹುದು, ನಾನೂ ಹಾಗೆಂದು ನೋಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ಬೇರೇನೋ ಎನ್ನೋಣವೆಂದರೆ ಅದಕ್ಕೂ ನಾಲಗೆ ಏಳುವುದಿಲ್ಲ. ಹಿಂದಿರುಗುವ ರೈಲಿನಲ್ಲಿ ಅವಳೊಡನೆ ಇದನ್ನೇ ಕೊರೆಯುತ್ತಿದ್ದಾಗ ಪ್ರಮೀಳಾ ನನ್ನ ಕೈಚೀಲಕ್ಕೆ ಕೈ ಹಾಕಿ ತಿನ್ನಲು ಏನಿದೆಯೆಂದು ತಡಕಾಡತೊಡಗಿದಳು.

"ನೀವು ಯೋಚನೆ ಮಾಡ್ತಾ ಇರಿ," ಎಂದಳು. "ನನಗೆ ಹಸಿವಾಗ್ತಾ ಉಂಟು."