ಹಗೇವಿನ ಬಾಯಿಯ ರಾಣಿ ರೂಪಾಯಿ

ಕಳೆದ ವಾರ ಬೈಲಹೊಂಗಲದ ಪೇಟೆಯಲ್ಲಿ ಅಂಗಡಿಯವನು ಜೋಳದ ಚೀಲವೊಂದನ್ನು ನನ್ನೆದುರಿಗೇ ಬಿಚ್ಚಿದ. ತಳದಲ್ಲೆಲ್ಲೋ ತೇವ ಹಿಡಿದು ಜೋಳ ಮುಗ್ಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದೆ. "ಯಾಕ್ರೆವಾ, ಏನಾತು? ಕುಂದರ್ರಿ" ಎಂದು ಅವನು ಸ್ಟೂಲು ಸರಿಸಿದ. ಕುಳಿತೆ. ಉಸಿರು ಹದಕ್ಕೆ ಬಂದ ಮೇಲೆ ಜೋಳ ಕೊಳ್ಳದೆ ಮನೆಗೆ ಬಂದೆ. ಅದು ಹಗೇವಿನ ವಾಸನೆ. ಅಂಗಳದಲ್ಲಿ ಆಳವಾಗಿ ತೋಡಿ, ಜೋಳ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದ ಹಳೆಯ ಕಾಲದ ಕಾಳಿನ ಗುಂಡಿ. ಆ ವಾಸನೆ ಬಂದರೆ ನನಗೆ ಅಕ್ಕೋರು ನೆನಪಾಗುತ್ತಾರೆ.

ಅಕ್ಕೋರು ನಮ್ಮ ಪಕ್ಕದ ಮನೆಯವರು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು, ಆದರೂ ಓಣಿಗೆಲ್ಲ ಅವರು ಅಕ್ಕೋರೇ. ಮದುವೆಯಾಗಿರಲಿಲ್ಲ. ಹಳೆಯ ನಾಣ್ಯಗಳ ಹುಚ್ಚು ಮಾತ್ರ ವಿಪರೀತ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಯಾರ್ಯಾರೋ ಅವರ ಮೊಬೈಲಿಗೆ ನಾಣ್ಯದ ಫೋಟೋ ಕಳಿಸಿ, ಇದು ಎಷ್ಟು ಸವೆದಿದೆ, ಯಾವ ದರ್ಜೆಯದು ಎಂದು ಕೇಳುತ್ತಿದ್ದರು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಮಧ್ಯಾಹ್ನ ಕೈ ಬಿಡುವಾದಾಗ ಅವರ ಪಡಸಾಲೆಯಲ್ಲಿ ಹೋಗಿ ಕೂಡುತ್ತಿದ್ದೆ.

"ನೋಡವಾ, ರಾಣಿ ಕೆನ್ನಿ ಮೊದಲ ಸವೀತದ. ಆಮ್ಯಾಲೆ ಕಿವಿ ಮ್ಯಾಲಿನ ಕೂದಲಾ. ಒಂದ ಫೋಟೋ ನಂಬಬಾರದು. ಬೆಳಕು ಬ್ಯಾರೆ ಕಡಿಂದ ಬಿದ್ದದ್ದು ಇನ್ನೊಂದು ಬೇಕಾಗ್ತದ" ಎಂದು ಬ್ರಿಟಿಷರ ಕಾಲದ ರಾಣಿ ಮುಖದ ರೂಪಾಯಿಯ ಫೋಟೋ ದೊಡ್ಡದು ಮಾಡಿ ತೋರಿಸುತ್ತಿದ್ದರು. ಹೊಳೆಯಲೆಂದು ಹುಣಸೆಹಣ್ಣು ಹಾಕಿ ಉಜ್ಜಿ ಕೆಡಿಸಿದ ನಾಣ್ಯ ಕಂಡರೆ ಮುಖ ಸಿಂಡರಿಸುತ್ತಿದ್ದರು. ಕಳಿಸಿದವರು ಸಿಟ್ಟಾಗಲಿ, ಬೇಜಾರಾಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು ಅವರ ಸ್ವಭಾವ.

ಸಂಗೊಳ್ಳಿಯಲ್ಲಿರುವ ನನ್ನ ತಮ್ಮ ಒಮ್ಮೆ ಊಟಕ್ಕೆ ಬಂದಾಗ ಅಕ್ಕೋರು ಅವನಿಗೂ ಇದನ್ನೆಲ್ಲ ಹೇಳಿದ್ದರು. ಕೈಯಿಂದ ಕೈಗೆ ಓಡಾಡಿ ಎಲ್ಲೋ ಬಿದ್ದ ನಾಣ್ಯ ಸವೆದಿರುತ್ತದೆ, ಯಾರೋ ಕೂಡಿಟ್ಟದ್ದು ಸವೆದಿರುವುದಿಲ್ಲ ಎಂದು. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಿದ್ದ. ಅಷ್ಟು ಲಕ್ಷ್ಯ ಕೊಟ್ಟು ಕೇಳಿದ್ದ ಎಂದು ಆಗ ನನಗೆ ತಿಳಿಯಲಿಲ್ಲ…

ಐದಾರು ವರ್ಷದ ಹಿಂದಿನ ಮಾತು. ಸಂಗೊಳ್ಳಿಯ ನಮ್ಮ ತವರುಮನೆಯ ಅಂಗಳದಲ್ಲಿ ಆಕಳ ಕರುವಿನ ಕಾಲು ನೆಲದೊಳಗೆ ಇಳಿದುಬಿಟ್ಟಿತ್ತು. ಕೆದರಿ ನೋಡಿದರೆ, ನಾವ್ಯಾರೂ ತೆರೆದದ್ದನ್ನೇ ಕಾಣದ ಹಗೇವು, ಅದರ ಚಪ್ಪಡಿ ಸೀಳಿತ್ತು. ಮುಚ್ಚಿಸಿಬಿಡೋಣವೆಂದು ನನ್ನ ತಮ್ಮ ಹಗೇವಿನ ಬಾಯಿಯ ಸುತ್ತಲಿನ ಮಣ್ಣು ತೆಗೆಯುವಾಗ ಒಂದು ಬೆಳ್ಳಿ ರೂಪಾಯಿ ಸಿಕ್ಕಿತು. ರಾಣಿಯ ಮುಖದ್ದು. ಅಂಗೈಯಲ್ಲಿಟ್ಟು ಎರಡು ಫೋಟೋ ತೆಗೆದು ನನಗೆ ಕಳಿಸಿದ. ನಾನು ಮೊಬೈಲ್ ಹಿಡಿದು ಅಕ್ಕೋರ ಮನೆಗೆ ಓಡಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮುಖ ಅರಳಿತು.

"ಅಬಬಾ! ಕೂದಲಿನ ಎಳಿ ಎಳಿ ಕಾಣಸ್ತದ. ಕೆನ್ನಿ ಮ್ಯಾಲೆ ಒಂದು ಗೀರಿಲ್ಲ. ಎರಡೂ ಫೋಟೋದಾಗ ಹೊಳಪು ಜಾಗಾ ಬದಲಿ ಮಾಡೇದ ನೋಡು, ಉಜ್ಜಿದ್ದಲ್ಲ ಇದು. ಸವದೇ ಇಲ್ಲ."

ಅಷ್ಟರಲ್ಲಿ ತಮ್ಮನ ಧ್ವನಿ ಸಂದೇಶ ಬಂತು. ನಾನೇ ಒತ್ತಿ ಕೇಳಿಸಿದೆ.

"ಯಕ್ಕಾ, ಅಕ್ಕೋರು ಏನಂದ್ರು? ಸವದಿಲ್ಲ ಅಂದ್ರ ಯಾರೋ ಇಟ್ಟದ್ದು. ಒಳಗ ಇನ್ನೂ ಇರತಾವು. ಏಣಿ ಇಳಿಸೇನಿ, ಜಲ್ದಿ ಹೇಳು."

ಅಕ್ಕೋರ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಇಳೀಬ್ಯಾಡ ಅನ್ನವಾ ಅವಗ. ಮುಚ್ಚಿದ ಹಗೇವಿನಾಗ ಗಾಳಿ ಸತ್ತಿರ್ತದ, ಉಸರು ಕಟ್ತದ. ನಮ್ಮ ಅಣ್ಣ ಮುನವಳ್ಳಿಯೊಳಗ ಹಿಂಗ… ಜ್ವಾಳಾ ತಗೀಲಿಕ್ಕೆ ಅಂತ ಇಳದಾಂವ ತಿರುಗಿ ಬರಲಿಲ್ಲ." ಇಷ್ಟು ವರ್ಷ ಪಕ್ಕದಲ್ಲಿದ್ದೂ ಅವರಿಗೊಬ್ಬ ಅಣ್ಣನಿದ್ದನೆಂದು ನನಗೆ ಗೊತ್ತಿರಲಿಲ್ಲ.

ಎರಡು ಸಲ ತಪ್ಪು ಒತ್ತಿ, ಆಮೇಲೆ ತಮ್ಮನಿಗೆ ಫೋನು ಹಚ್ಚಿದೆ. ತಮ್ಮ ನಕ್ಕ. "ನಿನ್ನೆಯಿಂದ ಬಾಯಿ ತಗದ ಇಟ್ಟೇನಿ ಯಕ್ಕಾ, ಗಾಳಿ ಆಡೈತಿ. ನೀ ಹುಟ್ಟಾ ಅಂಜುಬುರುಕಿ. ಹೋಗಿ ಬರೂದು ಎಷ್ಟೊತ್ತಿಂದು?" ನಾನು ಬೈದೆ, ಅತ್ತೆ, ಅವ್ವನ ಆಣೆ ಹಾಕಿದೆ. ಚಿಕ್ಕಂದಿನಿಂದಲೂ ನಾನು ಬೇಡವೆಂದದ್ದನ್ನೇ ಮಾಡುವವನು ಅವನು.

ಅಕ್ಕೋರು ನನ್ನ ಕೈಯಿಂದ ಫೋನು ಕಸಿದುಕೊಂಡರು. ಅವರ ಬೆರಳು ಐಸಿನಂತಿದ್ದವು. ಧ್ವನಿ ಮಾತ್ರ ಶಾಲೆಯಲ್ಲಿ ಪಾಠ ಹೇಳುವಾಗಿನದು.

"ತಮ್ಮಾ, ನಾ ನೋಡಿದೆ. ಅದು ಪೂರಾ ಸವದ ರೂಪಾಯಿ. ಮೊಬೈಲಿನಾಗ ಚಂದ ಕಾಣಸ್ತದ ಅಷ್ಟ. ಯಾರದೋ ಉಡಿಯಿಂದ ಬಿದ್ದದ್ದು. ಒಳಗ ಏನೂ ಇಲ್ಲ. ಸುಮ್ಮನ ಮುಚ್ಚು."

ಆ ಕಡೆಯಿಂದ ತಮ್ಮ "ಖರೇನ್ರಿ?" ಎಂದ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಮತ್ತೆ ಹಚ್ಚಿದರೆ ಎತ್ತಲಿಲ್ಲ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಸಂಗೊಳ್ಳಿಯಲ್ಲಿ ತಮ್ಮನ ಪಕ್ಕದ ಮನೆಯ ಕಾಕಾನಿಗೆ ಹಚ್ಚಿದೆ, ಅವನು ಹೊಲದಲ್ಲಿದ್ದ. ಓಣಿಯ ಆಟೋದವನನ್ನು ಊಟದ ತಟ್ಟೆಯಿಂದ ಎಬ್ಬಿಸಿ ಇಬ್ಬರೂ ಹತ್ತಿದೆವು. ಅಕ್ಕೋರು ಚಪ್ಪಲಿಯನ್ನೂ ಮೆಟ್ಟಿರಲಿಲ್ಲ. ದಾರಿಯುದ್ದಕ್ಕೂ ನಾನು ಫೋನು ಹಚ್ಚುತ್ತಲೇ ಇದ್ದೆ. ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತಾಗ ನಾನು ಕಿರುಚಿಬಿಟ್ಟೆ. ಅಕ್ಕೋರು ನನ್ನ ಮಣಿಕಟ್ಟು ಹಿಡಿದಿದ್ದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಸುಳ್ಳು ಸಮಾಧಾನ ಹೇಳಲು ಅವರಿಗಾಗಲಿಲ್ಲವೋ ಏನೋ…

ಊರಿನ ಓಣಿ ತಿರುಗಿದಾಗ ತವರುಮನೆಯ ಬಾಗಿಲ ಮುಂದೆ ಜನವಿರಲಿಲ್ಲ. ಜನವಿಲ್ಲವೆಂದರೆ ಏನೂ ಆಗಿಲ್ಲವೋ, ಇನ್ನೂ ಯಾರಿಗೂ ಗೊತ್ತಾಗಿಲ್ಲವೋ? ಅಂಗಳಕ್ಕೆ ಕಾಲಿಟ್ಟರೆ ಹಗೇವಿನ ಬಾಯಿ ತೆರೆದೇ ಇತ್ತು. ಅದರಿಂದ ಆ ಮುಗ್ಗಲು ವಾಸನೆ ಏಳುತ್ತಿತ್ತು. ಏಣಿಯ ತುದಿ ಮೇಲೆ ಕಾಣುತ್ತಿತ್ತು. ತಮ್ಮ ಕಾಣಲಿಲ್ಲ.

ನಾನು ಅವನ ಹೆಸರು ಹಿಡಿದು ಕೂಗಿದೆ.

ಅವನು ಹಿತ್ತಲಿನಿಂದ ಬಂದ, ಕೈಯಲ್ಲಿ ಮಣ್ಣಿನ ಬುಟ್ಟಿ. "ಸವದೈತಿ ಅಂದ್ರಲ್ಲ ಅಕ್ಕೋರು, ಮುಚ್ಚಾಕ ಮಣ್ಣ ತರಾಕ ಹೋಗಿದ್ದೆ. ಫೋನು ಪಡಸಾಲಿ ಕಟ್ಟಿ ಮ್ಯಾಲ ಬಿಟ್ಟಿದ್ದೆ. ಯಾಕ ಹಿಂಗ ಓಡಿ ಬಂದ್ರಿ?" ಅಕ್ಕೋರು ಫೋನಿನಲ್ಲಿ ಮಾತಾಡುವಾಗ ಅವನ ಕಾಲು ಏಣಿಯ ಮೇಲಿತ್ತಂತೆ. ನಾನು ಅವನ ಕೈಯಿಂದ ಬುಟ್ಟಿ ಕಸಿದು ಕೆಳಗಿಟ್ಟೆ.

ಅಕ್ಕೋರು ಕಂದೀಲು ತರಿಸಿದರು. ಹೊತ್ತಿಸಿ, ಹಗ್ಗಕ್ಕೆ ಕಟ್ಟಿ, ಮೆಲ್ಲನೆ ಒಳಗೆ ಬಿಟ್ಟರು. ಆಳುದ್ದ ಇಳಿದಿತ್ತೋ ಇಲ್ಲವೋ, ಉರಿ ಸಣ್ಣಗಾಯಿತು, ನೀಲಿಯಾಯಿತು, ಆರಿತು. ಸಪ್ಪಳವಿಲ್ಲ, ಏನಿಲ್ಲ. ತಮ್ಮ ಹಣೆಯ ಬೆವರು ಒರೆಸಿಕೊಂಡ. ಅವನು ಅಂಜಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಅಕ್ಕೋರು ರೂಪಾಯಿ ಕೇಳಿ ಇಸಿದುಕೊಂಡು, ಅಂಚು ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿದರು. ಅವನ ಕೈಗೆ ತಿರುಗಿ ಕೊಡುತ್ತ ಅಂದರು: "ನಾ ಸುಳ್ಳು ಹೇಳಿದೆ ತಮ್ಮಾ. ಇದು ಸವದಿಲ್ಲ."

ಹಗೇವು ಇನ್ನೂ ತೆರೆದೇ ಇತ್ತು. ಈಗಲೇ ಯಾಕೆ ಹೇಳಿದರು?

ತಮ್ಮ ರೂಪಾಯಿಯನ್ನು ನೋಡಿದ. ಆರಿದ ಕಂದೀಲನ್ನು ನೋಡಿದ. "ಇರಲಿ ಬಿಡ್ರಿ ಅಕ್ಕೋರ" ಎಂದು ಏಣಿ ಎಳೆದು ಹೊರಗೆ ಹಾಕಿ ಮಣ್ಣು ಸುರಿಯತೊಡಗಿದ. ಸಂಜೆಯವರೆಗೆ ಮಣ್ಣು ಸುರಿದ. ಒಳಗೆ ಏನಿತ್ತೋ ನಮಗೆ ಯಾರಿಗೂ ಗೊತ್ತಿಲ್ಲ.

ಆ ದಿನದ ನಂತರ ಅಕ್ಕೋರು ಫೋಟೋ ನೋಡಿ ದರ್ಜೆ ಹೇಳುವುದನ್ನು ಬಿಟ್ಟರು. ಕೇಳಿದವರಿಗೆ "ನಾಣ್ಯಾ ತಗೊಂಡ ಬರ್ರಿ, ಕೈಯಾಗ ಹಿಡದು ಹೇಳ್ತೀನಿ" ಎನ್ನುತ್ತಿದ್ದರು. ಬರುವವರು ಕಡಿಮೆಯಾದರು. ಯಾಕೆಂದು ಒಮ್ಮೆ ಕೇಳಿದೆ. "ಫೋಟೋ ನೋಡಿ ನಾ ಏನ ಹೇಳಿದ್ರೂ ಜನ ನಂಬತಾರ. ಅವತ್ತ ಆ ಸುಳ್ಳು ಎಷ್ಟು ಸಲೀಸ ಬಂತವಾ… ನಂದ ನನಗ ಅಂಜಿಕಿ ಆತು" ಎಂದರು.

ಹೋದ ವರ್ಷ ಬೇಸಿಗೆಯಲ್ಲಿ ಧಾರವಾಡದ ಸಂಬಂಧಿಕರ ಮನೆಯಲ್ಲಿ ಅಕ್ಕೋರು ತೀರಿಕೊಂಡರು. ಪಕ್ಕದ ಮನೆಗೆ ಈಗ ಬೀಗ. ತಮ್ಮ ಚೆನ್ನಾಗಿದ್ದಾನೆ, ಅವನಿಗೊಬ್ಬ ಮಗಳು ಹುಟ್ಟಿದ್ದಾಳೆ. ಆದರೂ ಅವನು ಫೋನು ಎತ್ತದಿದ್ದರೆ ನಾನು ಹಚ್ಚುತ್ತಲೇ ಇರುತ್ತೇನೆ. ನಿನ್ನೆ ಮಧ್ಯಾಹ್ನ ಮೂರು ಸಲ ಹಚ್ಚಿದೆ, ಎತ್ತಲಿಲ್ಲ. ಹೊಲಿಗೆ ಬಿಟ್ಟು ಎದ್ದು ಅಕ್ಕೋರ ಮನೆಯ ಕಡೆಯ ಗೋಡೆಯ ಹತ್ತಿರ ಹೋಗಿ "ಅಕ್ಕೋರ…" ಎಂದು ಕರೆದೇಬಿಟ್ಟೆ.

ತಮ್ಮ ತಿರುಗಿ ಫೋನು ಮಾಡುವವರೆಗೂ ಅಲ್ಲೇ ನಿಂತಿದ್ದೆ.